ಟ್ಯಾಲಿಪ್ರೈಮ್‌ನ ‘ರಿಪೇರ್’: ಮಂಡಿ ಲೆಕ್ಕವನ್ನು ಎಷ್ಟರಮಟ್ಟಿಗೆ ಉಳಿಸುತ್ತೆ?

ಮಲೆನಾಡಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್‌ನ ಡೇಟಾ ಕೆಡೋಕೆ ವೈರಸ್ಸೇ ಬರಬೇಕಂತಿಲ್ಲ. ಮೇ ತಿಂಗಳ ಗುಡುಗು ಸಿಡಿಲಿಗೋ, ಮಳೆಗಾಲದ ಕರೆಂಟಿನ ಕಣ್ಣಾಮುಚ್ಚಾಲೆಗೋ ಸರ್ವರ್ ದಿಢೀರ್ ಆಫ್ ಆದರೆ ಸಾಕು. ವೋಚರ್ (ಒಂದು ವಹಿವಾಟಿನ ನಮೂದು) ಸೇವ್ ಆಗುವ ಗಳಿಗೆಯಲ್ಲೇ ಹಾಗಾದರೆ ಫೈಲು ಅರ್ಧಂಬರ್ಧ ಬರೆದು ನಿಲ್ಲುತ್ತದೆ. ಮತ್ತೆ ಕಂಪನಿ ತೆರೆದಾಗ ‘ಮೆಮೊರಿ ಆಕ್ಸೆಸ್ ವಯಲೇಷನ್’ ಎಂಬ ದೋಷದ ಸಂದೇಶ. ಇದಕ್ಕೆ ಟ್ಯಾಲಿಪ್ರೈಮ್‌ನೊಳಗೇ ಇರುವ ಮದ್ದು ‘ರಿಪೇರ್’. ಅದರ ಹಿಂದಿನ ಆವೃತ್ತಿ ಇಆರ್‌ಪಿ 9ರಲ್ಲಿ ಇದೇ ‘ರೀರೈಟ್’ ಆಗಿತ್ತು.

ಮದ್ದು ಒಳ್ಳೆಯದೇ, ಆದರೆ ಅದರ ಮಿತಿ ಗೊತ್ತಿರಬೇಕು. ಓದಲು ಸಿಕ್ಕ ದಾಖಲೆಗಳನ್ನು ಅದು ಹೊಸದಾಗಿ ಬರೆದು ಜೋಡಿಸುತ್ತದೆ. ಡಿಸ್ಕಿನಲ್ಲೇ ಅಳಿದುಹೋದ ವೋಚರನ್ನು ಎಲ್ಲಿಂದ ತಂದೀತು? ಹಾಗಾಗಿ ಕೊಂಡಿ ತಪ್ಪಿದ ಡೇಟಾಕ್ಕೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಹಾರ್ಡ್‌ಡಿಸ್ಕೇ ಹಾಳಾಗಿದ್ದರೆ ನೆಚ್ಚಿಕೊಳ್ಳುವ ಹಾಗಿಲ್ಲ.

ಹೆಚ್ಚಿನ ಅನಾಹುತ ಆಗುವುದು ಅವಸರದಲ್ಲಿ. ಡಿಸ್ಕ್ ಟಿಕ್ ಟಿಕ್ ಅಂತಿದ್ದರೆ, ಅಥವಾ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ‘ಪೆಂಡಿಂಗ್ ಸೆಕ್ಟರ್’ (ಓದಲು ತೊಡಕಾದ ಜಾಗ) ಎಣಿಕೆ ಏರುತ್ತಿದ್ದರೆ, ಮೊದಲು ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮಿನಿಂದ ಇಡೀ ಡಿಸ್ಕಿನ ನಕಲು ತೆಗೆಯಿರಿ. ಇದು ಉಚಿತ. ಓದಲಾಗದ ಜಾಗವನ್ನು ದಾಟಿ ಮುಂದೆ ಹೋಗಿ, ಕೊನೆಗೆ ತಿರುಗಿ ಬಂದು ಮತ್ತೆ ಪ್ರಯತ್ನಿಸುತ್ತದೆ. ಅಂಥ ಡಿಸ್ಕಿನ ಮೇಲೆ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಿದರೆ ಫೈಲುಗಳು ತುಂಡುತುಂಡಾಗಿ ‘ಫೌಂಡ್.000’ ಫೋಲ್ಡರಿಗೆ ಹೋಗಿ ಬೀಳಬಹುದು. ಆ ಚೂರುಗಳನ್ನು ಜೋಡಿಸುವ ಪಾಡು ಯಾರಿಗೂ ಬೇಡ.

ಡಿಸ್ಕ್ ಗಟ್ಟಿಯಾಗಿದ್ದರೆ ಎಲ್ಲ ಕಂಪ್ಯೂಟರುಗಳಲ್ಲೂ ಟ್ಯಾಲಿ ಮುಚ್ಚಿಸಿ. 10000, 10001 ಅಂತ ಬರೀ ಅಂಕಿಯ ಹೆಸರಿರುವ ಕಂಪನಿ ಫೋಲ್ಡರನ್ನು ಇಡಿಯಾಗಿ ಬೇರೆ ಡ್ರೈವಿಗೆ ಕಾಪಿ ಮಾಡಿ. ಕಾಪಿಯಲ್ಲಿರುವ ಟಿಎಸ್‌ಎಫ್ ಫೈಲುಗಳನ್ನಷ್ಟೇ ಅಳಿಸಿ. ಅವು ತಾತ್ಕಾಲಿಕ, ಅಳಿಸಿದರೆ ಲೆಕ್ಕಕ್ಕೇನೂ ಆಗದು. ಆಮೇಲೆ ಡೇಟಾ ಪಾತ್ (ಟ್ಯಾಲಿ ಡೇಟಾ ಓದುವ ಜಾಗ) ಅನ್ನು ಕಾಪಿಗೆ ತಿರುಗಿಸಿ, ಆಲ್ಟ್ ಜೊತೆ ವೈ ಒತ್ತಿ, ರಿಪೇರ್ ಆರಿಸಿ. ಕೆಲಸ ಸರ್ವರಿನ ಮುಂದೆಯೇ ಕೂತು ಆಗಬೇಕು, ಯುಪಿಎಸ್ ಇರಲೇಬೇಕು. ವೈಫೈ ಮೇಲೆ ರಿಪೇರ್ ಮಾಡುವುದು ಅಂದರೆ ಇನ್ನೊಂದು ಅರ್ಧ ಬರೆದ ಫೈಲಿಗೆ ಆಹ್ವಾನ.

ಮುಗಿದ ಮೇಲೆ ಟ್ರಯಲ್ ಬ್ಯಾಲೆನ್ಸ್ (ಡೆಬಿಟ್-ಕ್ರೆಡಿಟ್ ತಾಳೆಪಟ್ಟಿ) ಕೂಡಿ ಬಂತು ಅಂತ ಹಿಗ್ಗಬೇಡಿ. ಒಂದು ವೋಚರ್ ಪೂರ್ತಿ ಮಾಯವಾದರೆ ಡೆಬಿಟ್ಟೂ ಹೋಗುತ್ತೆ, ಕ್ರೆಡಿಟ್ಟೂ ಹೋಗುತ್ತೆ, ಮೊತ್ತ ಕೂಡಿಯೇ ಬರುತ್ತೆ! ‘ಸ್ಟ್ಯಾಟಿಸ್ಟಿಕ್ಸ್’ ವರದಿಯಲ್ಲಿ ಬಗೆಬಗೆಯ ವೋಚರ್‌ಗಳ ಸಂಖ್ಯೆ ಸಿಗುತ್ತದೆ. ಹಳೆಯ ಬ್ಯಾಕಪ್ಪಿನ ಸಂಖ್ಯೆಯ ಜೊತೆ ಅದನ್ನು ಹೋಲಿಸಿ. ಆ ಬ್ಯಾಕಪ್ಪನ್ನು ರಿಸ್ಟೋರ್ ಮಾಡುವಾಗಲೂ ಬೇರೆ ಫೋಲ್ಡರನ್ನೇ ಕೊಡಿ. ಅದೇ ಜಾಗಕ್ಕೆ ಹಾಕಿದರೆ ಈಗಿರುವ ಡೇಟಾ ಮೇಲೆ ಹಳತು ಬಂದು ಕೂರುತ್ತದೆ.

ರಿಪೇರ್ ಆದಮೇಲೂ ಡೇ ಬುಕ್ (ದಿನವಹಿ) ಒಂದು ತಾರೀಖಿಗೆ ಬಂದು ಸಿಕ್ಕಿಕೊಂಡರೆ, ಹೊಸ ಕಂಪನಿ ತೆರೆದು ಹಳೆಯ ಡೇಟಾವನ್ನು ಎಕ್ಸ್‌ಎಂಎಲ್ ಫೈಲಿನ ಮೂಲಕ ಅದಕ್ಕೆ ಸಾಗಿಸುವುದೇ ದಾರಿ. ಮೊದಲು ಮಾಸ್ಟರ್‌ಗಳು (ಲೆಡ್ಜರ್ ಮುಂತಾದ ಖಾತೆಗಳ ಪಟ್ಟಿ), ಆಮೇಲೆ ವೋಚರ್‌ಗಳು; ತಿರುಗುಮುರುಗಾದರೆ ಲೆಡ್ಜರ್ ಇಲ್ಲ ಅಂತ ತಕರಾರು ಬರುತ್ತದೆ. ವರ್ಷವನ್ನು ಒಟ್ಟಿಗೆ ಎಕ್ಸ್‌ಪೋರ್ಟ್ ಮಾಡದೆ ತಿಂಗಳು ತಿಂಗಳಾಗಿ, ಸಿಕ್ಕಿಕೊಂಡ ತಿಂಗಳನ್ನು ದಿನ ದಿನವಾಗಿ ತೆಗೆದರೆ ಕೆಟ್ಟ ದಿನ ಯಾವುದೆಂದು ಗೊತ್ತಾಗುತ್ತದೆ. ಆ ದಿನದ್ದನ್ನು ಮಾತ್ರ ಕೈಯಲ್ಲಿ ಮತ್ತೆ ಟೈಪ್ ಮಾಡಿದರಾಯಿತು.

ಶಿವಮೊಗ್ಗ, ಸಾಗರದ ಅಡಿಕೆ ಮಂಡಿಗಳಿಗೆ ಕಷ್ಟ ಬರುವುದು ಹೀಗೆ ಮತ್ತೆ ಟೈಪ್ ಮಾಡುವಾಗಲೇ. ಮಾರಾಟದ್ದೇನೋ ಜಿಎಸ್‌ಟಿಆರ್-1 (ಮಾರಾಟದ ಜಿಎಸ್‌ಟಿ ರಿಟರ್ನ್) ಮತ್ತು ಇ-ವೇ ಬಿಲ್ಲಿನಿಂದ ಮರಳಿ ಸಿಗುತ್ತದೆ. ಮಾಲು ಕೊಟ್ಟ ರೈತರಿಗೆ ಜಿಎಸ್‌ಟಿ ನೋಂದಣಿ ಇರುವುದಿಲ್ಲವಾದ್ದರಿಂದ ಆ ಖರೀದಿ ಜಿಎಸ್‌ಟಿಆರ್-2ಬಿ ಎಂಬ ಖರೀದಿ ವಿವರಪಟ್ಟಿಯಲ್ಲಿ ಕಾಣದು. ರಾಶಿ, ಬೆಟ್ಟೆ, ಗೊರಬಲು ಎಷ್ಟು ಕ್ವಿಂಟಲ್, ಯಾವ ದರಕ್ಕೆ ಅನ್ನುವುದಕ್ಕೆ ಕಾಗದದ ಪಟ್ಟಿಯೇ (ಖರೀದಿ ಚೀಟಿ) ಆಧಾರ. ಅದನ್ನು ಗೆದ್ದಲು ತಿನ್ನದ ಜಾಗದಲ್ಲಿಡಿ.

ದೂರದಿಂದಲೇ ಸ್ಕ್ರೀನ್ ಹಂಚಿಕೊಂಡು ರಿಪೇರ್ ಮಾಡಿಕೊಡುವವರೂ ಇದ್ದಾರೆ. ಅವರಿಗೆ ಕೊಡುವುದು ಕಾಪಿ ಮಾತ್ರ, ದುಡ್ಡು ಕೊಡುವುದು ವೋಚರ್ ಸಂಖ್ಯೆ ತಾಳೆಯಾದ ಮೇಲೆ. ಕಂಪನಿ ಡೇಟಾಕ್ಕೆ ಬೀಗ ಹಾಕುವ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಮರೆತಿದ್ದರೆ ಮಾತ್ರ ರಿಪೇರ್ ಆಗಲಿ ಅವರಾಗಲಿ ಪ್ರಯೋಜನಕ್ಕೆ ಬರುವುದಿಲ್ಲ.