ನಷ್ಟವೇ ಆಗದ ‘ಹಲಾಲ್ ವ್ಯಾಪಾರ’ಕ್ಕೆ ದುಡ್ಡು ಹಾಕಬೇಡಿ

ಕಳೆದ ವಾರ ನಮ್ಮ ಓಣಿಯಲ್ಲಿ ಒಂದು ಕರಪತ್ರ ಹಂಚಿದರು. ಹಸಿರು ಬಣ್ಣ, ಮೇಲೆ ಬಿಸ್ಮಿಲ್ಲಾ, ಕೆಳಗೆ ಯಾವುದೋ ಆ್ಯಪ್‌ನ ಕ್ಯೂಆರ್ ಕೋಡ್. ‘ಬಡ್ಡಿ ಇಲ್ಲ, ಹರಾಮ್ ಇಲ್ಲ, ತಿಂಗಳಿಗೆ ಶೇ 4ರವರೆಗೆ ಲಾಭ.’ ಓದಿದ ಕೂಡಲೇ ಹೊಟ್ಟೆಯಲ್ಲಿ ಒಂಥರಾ ಆಯಿತು. 2017ರಲ್ಲಿ ಇಂಥದ್ದೇ ಕಾಗದ ನಮ್ಮ ಮನೆಗೂ ಬಂದಿತ್ತು. ಆಗ ಬಣ್ಣ ನೀಲಿ, ಲಾಭ ಶೇ 3. ಅಷ್ಟೇ ವ್ಯತ್ಯಾಸ.

ನಮ್ಮ ದುಡ್ಡು ಮುಳುಗಿಸಿದ ಆ ಕಂಪನಿಯ ಹೆಸರು ಬರೆಯುವುದಿಲ್ಲ. ಕೇಸು ಇನ್ನೂ ಮುಗಿದಿಲ್ಲ. ಅದೂ ಅಲ್ಲದೆ, ಹೆಸರು ಹೇಳಿದರೆ ‘ಓ, ಅದಾ? ನಾವು ಹಾಕಿರೋದು ಬೇರೆ’ ಅಂತ ನೀವು ನಿಶ್ಚಿಂತೆಯಾಗಿ ಮಲಗಿಬಿಡ್ತೀರಿ. 2018ರಲ್ಲಿ ನಮ್ಮದು ಮುಳುಗಿದಾಗ ಬೇರೆ ಕಡೆ ಹಾಕಿದ್ದವರು ನಮಗೆ ಹೇಳಿದ್ದೂ ಇದೇ ಮಾತು. ಮರುವರ್ಷ, 2019ರ ಜೂನ್‌ನಲ್ಲಿ, ರಂಜಾನ್ ಹಬ್ಬ ಮುಗಿದ ಬೆನ್ನಿಗೇ ಇಂಥದ್ದೇ ಹಲಾಲ್ ಲಾಭದ ಹೆಸರಿನಲ್ಲಿ ದುಡ್ಡು ಎತ್ತಿದ್ದ ಬೆಂಗಳೂರಿನ ಐಎಂಎ ಕಂಪನಿ ಮುಳುಗಿತು. ಅದರ ಮಾಲೀಕ ಒಂದು ಆಡಿಯೊ ಬಿಟ್ಟು ದುಬೈಗೆ ಹೋದ. ಶಿವಾಜಿನಗರದ ಬೀದಿಯಲ್ಲಿ ಬುರ್ಖಾ ಹಾಕಿದ ಹೆಂಗಸರು ದೂರು ಕೊಡಲು ಸಾಲು ನಿಂತಿದ್ದನ್ನು ಟಿವಿಯಲ್ಲಿ ನೋಡಿದೆವು. ಅಮ್ಮಿ ಎದ್ದು ಹೋಗಿ ಟಿವಿ ಆರಿಸಿದರು.

ನಮ್ಮದು ದಾವಣಗೆರೆ. ಅಬ್ಬಾ ಸಾರಿಗೆ ಸಂಸ್ಥೆಯಲ್ಲಿ ಡ್ರೈವರ್ ಆಗಿದ್ದರು. 2016ರ ಕೊನೆಗೆ ತೀರಿಕೊಂಡರು. ಪಿಎಫ್, ಗ್ರಾಚ್ಯುಟಿ ಬಂದು, ಸಾಲ ತೀರಿಸಿದ ಮೇಲೆ 5 ಲಕ್ಷ ಉಳಿಯಿತು. ಶರೀಅತ್ ಪ್ರಕಾರ ಮಕ್ಕಳಿದ್ದಾಗ ಹೆಂಡತಿಗೆ ಸಿಗುವುದು ಎಂಟನೇ ಒಂದು ಪಾಲು. ನಾನೂ ತಂಗಿಯೂ ನಮ್ಮ ಪಾಲನ್ನು ಅಮ್ಮಿಗೇ ಬಿಟ್ಟೆವು.

‘ಬ್ಯಾಂಕಿನಲ್ಲಿ ಎಫ್‌ಡಿ ಇಡಬಹುದಿತ್ತಲ್ವಾ?’ ಅಂತ ನನ್ನ ಗೆಳೆಯರು ಈಗಲೂ ಕೇಳುತ್ತಾರೆ. ಇಡಬಹುದಿತ್ತು. ಆದರೆ ಅಮ್ಮಿಗೆ ಬಡ್ಡಿ ಅಂದರೆ ಹಂದಿ ಮಾಂಸ ಇದ್ದ ಹಾಗೆ. ವ್ಯಾಪಾರ ಹಲಾಲ್, ಬಡ್ಡಿ ಹರಾಮ್ ಅಂತ ಕುರ್‌ಆನ್‌ನಲ್ಲಿ ನೇರವಾಗಿಯೇ ಇದೆ. ಉಳಿತಾಯ ಖಾತೆಗೆ ಬೀಳುವ ಚಿಲ್ಲರೆ ಬಡ್ಡಿಯನ್ನೂ ಅವರು ತೆಗೆದು ಯಾರಾದರೂ ಬಡವರಿಗೆ ಕೊಟ್ಟುಬಿಡುತ್ತಾರೆ, ಅದೂ ಪುಣ್ಯದ ಆಸೆ ಇಟ್ಟುಕೊಳ್ಳದೆ. ಅದು ದಾನ ಅಲ್ಲ, ಕೈ ತೊಳೆದುಕೊಳ್ಳುವುದು. ಇದನ್ನು ಮೂಢನಂಬಿಕೆ ಅಂತ ನಗುವವರು ನಗಲಿ. ನಾನು ಹೇಳುವುದಿಷ್ಟೇ: ಇಂಥ ಲಕ್ಷಾಂತರ ಅಮ್ಮಿಗಳಿದ್ದಾರೆ, ಅವರ ದುಡ್ಡು ಎಲ್ಲಿ ಇಡಬೇಕೆಂದು ತಿಳಿಯದೆ ಟ್ರಂಕಿನಲ್ಲಿದೆ ಅನ್ನುವುದು ಮೋಸಗಾರರಿಗೆ ಬ್ಯಾಂಕಿನವರಿಗಿಂತ ಮೊದಲೇ ಗೊತ್ತಾಗಿತ್ತು.

ಆ ಕಂಪನಿಯ ಸುದ್ದಿ ತಂದದ್ದು ಏಜೆಂಟ್ ಅಲ್ಲ. ಹೆಂಗಸರ ಇಜ್ತೆಮಾಕ್ಕೆ (ಧಾರ್ಮಿಕ ಸಭೆಗೆ) ಪ್ರತಿ ವಾರ ಬರುತ್ತಿದ್ದ, ನಾವು ಆಪಾ (ಅಕ್ಕ) ಅನ್ನುತ್ತಿದ್ದ ಒಬ್ಬರು. ಮಕ್ಕಳಿಗೆ ಕುರ್‌ಆನ್ ಓದಲು ಕಲಿಸಿದವರು, ಅಬ್ಬಾ ತೀರಿಕೊಂಡಾಗ ನಮ್ಮ ಮನೆಗೆ ಮೂರು ದಿನ ಊಟ ಕಳಿಸಿದವರು. ಒಬ್ಬರನ್ನು ಸೇರಿಸಿದರೆ ಅವರಿಗೆ ಕಮಿಷನ್ ಇತ್ತೆಂದು ನಮಗೆ ತಿಳಿದದ್ದು ಆಮೇಲೆ. ಅವರ ದುಡ್ಡೂ ಹೋಗಿದೆ, ಅದನ್ನೂ ಹೇಳಬೇಕು.

ಕಂಪನಿಯ ಆಫೀಸಿಗೆ ನಾನೇ ಅಮ್ಮಿಯನ್ನು ಕರೆದುಕೊಂಡು ಹೋಗಿದ್ದೆ. ಎಸಿ, ಅತ್ತರಿನ ವಾಸನೆ, ನಮಾಜಿಗೆ ಬೇರೆ ಕೋಣೆ. ಅಝಾನ್ ಆದರೆ ಕೌಂಟರ್ ಬಂದ್. ಗೋಡೆಯಲ್ಲಿ ಕಟ್ಟು ಹಾಕಿಸಿದ ಒಂದು ಫತ್ವಾ, ಅಂದರೆ ಧರ್ಮದ ಪ್ರಶ್ನೆಗೆ ಮುಫ್ತಿ ಬರೆದುಕೊಟ್ಟ ಉತ್ತರ, ಉರ್ದುವಿನಲ್ಲಿ. ‘ನೋಡಿ, ಮುಫ್ತಿ ಸಾಹೇಬರೇ ಜಾಯಿಝ್ (ಧರ್ಮಸಮ್ಮತ) ಅಂದಿದ್ದಾರೆ’ ಅಂತ ತೋರಿಸಿದರು. ಚಿನ್ನ, ಬಟ್ಟೆ, ಜಮೀನು ವ್ಯಾಪಾರ ಮಾಡ್ತೀವಿ, ಲಾಭದಲ್ಲಿ ನಿಮಗೂ ಪಾಲು, ಇದು ಮುದಾರಬಾ ಅಂದರು.

ಆ ಫತ್ವಾದ ಫೋಟೋ ನನ್ನ ಫೋನಿನಲ್ಲಿ ಉಳಿದಿತ್ತು. ಎಲ್ಲ ಮುಗಿದ ಮೇಲೆ ನಮ್ಮೂರಿನ ಒಬ್ಬ ಹಿರಿಯ ಮುಫ್ತಿಗಳಿಗೆ ತೋರಿಸಿದೆ. ಅವರು ಓದಿ, ಒಂದು ಪದದ ಮೇಲೆ ಬೆರಳಿಟ್ಟರು. ‘ಅಗರ್.’ ಅಂದರೆ, ಒಂದು ವೇಳೆ. ಒಂದು ವೇಳೆ ಕಂಪನಿ ನಿಜವಾದ ಹಲಾಲ್ ವ್ಯಾಪಾರ ಮಾಡುತ್ತಿದ್ದರೆ, ಒಂದು ವೇಳೆ ಲಾಭ ನಷ್ಟ ಎರಡರಲ್ಲೂ ಪಾಲಿದ್ದರೆ, ಜಾಯಿಝ್. ‘ಮುಫ್ತಿ ಉತ್ತರ ಕೊಡೋದು ಕೇಳಿದ ಪ್ರಶ್ನೆಗೆ, ಮಗ. ಅವನು ಗೋದಾಮಿಗೆ ಹೋಗಿ ಬೀಗ ತೆಗೆಸಿ ನೋಡೋದಿಲ್ಲ’ ಅಂದರು. ಉತ್ತರಕ್ಕೆ ಕಟ್ಟು ಹಾಕಿಸಿದ್ದರು. ‘ಅಗರ್’ ಅನ್ನು ಯಾರೂ ಓದಿರಲಿಲ್ಲ. ಉರ್ದು ಓದಲು ಬರುವ ನಾನೂ ಓದಿರಲಿಲ್ಲ.

ಮುದಾರಬಾ ಏನೆಂದು ಆಮೇಲೆ ಅವರಿಂದಲೇ ತಿಳಿದುಕೊಂಡೆ. ಒಬ್ಬ ದುಡ್ಡು ಹಾಕುತ್ತಾನೆ, ಇನ್ನೊಬ್ಬ ದುಡಿಯುತ್ತಾನೆ. ಲಾಭ ಬಂದರೆ ಮೊದಲೇ ಮಾತಾಡಿಕೊಂಡ ಲೆಕ್ಕದಲ್ಲಿ ಹಂಚಿಕೆ, 60:40 ಅಂತಲೋ 50:50 ಅಂತಲೋ. ಆದರೆ ಅದು ಬಂದ ಲಾಭದ 60, ಹಾಕಿದ ದುಡ್ಡಿನ ಶೇ 3 ಅಲ್ಲ. ನಷ್ಟವಾದರೆ ದುಡ್ಡು ಹಾಕಿದವನ ದುಡ್ಡು ಹೋಗುತ್ತದೆ, ದುಡಿದವನ ದುಡಿಮೆ ಹೋಗುತ್ತದೆ. ದುಡಿಯುವವನು ‘ನಿಮ್ಮ ಅಸಲಿಗೆ ನಾನು ಗ್ಯಾರಂಟಿ’ ಅಂದರೆ ಅದು ಮುದಾರಬಾ ಆಗಿ ಉಳಿಯುವುದೇ ಇಲ್ಲ. ಅಂದರೆ ನಮಗೆ ಮಾರಿದ್ದು ಅವರದೇ ಲೆಕ್ಕದಲ್ಲೂ ಹಲಾಲ್ ಆಗಿರಲಿಲ್ಲ.

ಅವರ ಜಾಣತನ ನೋಡಿ. ಒಂದು ತಿಂಗಳು ಶೇ 2.6, ಇನ್ನೊಂದು ತಿಂಗಳು 2.9, ಮತ್ತೊಂದು ತಿಂಗಳು 2.7. ‘ಬಡ್ಡಿ ಆದ್ರೆ ಒಂದೇ ರೇಟ್ ಇರುತ್ತೆ, ನಮ್ಮದು ಏರಿಳಿಯುತ್ತೆ’ ಅನ್ನುತ್ತಿದ್ದರು. ಅಮ್ಮಿಗೆ ಅದೇ ನೆಮ್ಮದಿ. ಏರುತ್ತಿತ್ತು, ಇಳಿಯುತ್ತಿತ್ತು, ಸೊನ್ನೆಗೆ ಮಾತ್ರ ಬರುತ್ತಿರಲಿಲ್ಲ. ನಾನು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ಒಂದೇ ವಾರದಲ್ಲಿ ಕ್ವಿಂಟಲಿಗೆ ಸಾವಿರಗಟ್ಟಲೆ ಇಳಿದು ಸಾಹುಕಾರರ ಮುಖ ಕಪ್ಪಿಡುವುದನ್ನು ಕಣ್ಣಾರೆ ಕಂಡವನು. ಆದರೂ 17 ತಿಂಗಳು ಒಮ್ಮೆಯೂ ನಷ್ಟವಾಗದ ವ್ಯಾಪಾರವನ್ನು ನಂಬಿದೆ. ತಿಂಗಳಿಗೆ ಶೇ 3 ಅಂದರೆ ವರ್ಷಕ್ಕೆ 36. ಮೂರು ವರ್ಷ ತುಂಬುವುದರೊಳಗೆ ನನ್ನ ದುಡ್ಡನ್ನೇ ನನಗೆ ಕಂತಿನಲ್ಲಿ ವಾಪಸ್ ಕೊಟ್ಟು ‘ಲಾಭ’ ಅನ್ನಬಹುದು. ಗುಣಾಕಾರ ಬರುವ ಯಾರಿಗೂ ತಿಳಿಯುವ ಲೆಕ್ಕ ಇದು. ತಿಂಗಳಿಗೆ 13,500 ಬರುತ್ತಿದ್ದಾಗ ಲೆಕ್ಕ ಹಾಕುವ ಮನಸ್ಸು ಬರಲಿಲ್ಲ, ಅಷ್ಟೇ.

ರಂಜಾನ್ ಬಂತು. ಕಂಪನಿ ಓಣಿ ಓಣಿಗೆ ರೇಷನ್ ಕಿಟ್ ಹಂಚಿತು. ಅಕ್ಕಿ, ಎಣ್ಣೆ, ಖರ್ಜೂರ, ಚೀಲದ ಮೇಲೆ ಅವರ ಹೆಸರು. ಮಸೀದಿಯಲ್ಲಿ ಇಫ್ತಾರ್. ಮಂಡಕ್ಕಿ ಭಟ್ಟಿಯಲ್ಲಿ ಹೊಗೆ ಕುಡಿದು ದುಡಿಯುವವರೂ ಆ ತಿಂಗಳು 50 ಸಾವಿರ, 1 ಲಕ್ಷ ಅಂತ ತಂದು ಹಾಕಿದರು. ಇಷ್ಟು ದಾನ ಮಾಡುವವನು ಮೋಸ ಮಾಡ್ತಾನಾ, ಅಂತ. ಆ ಖರ್ಜೂರ ನಮ್ಮದೇ ದುಡ್ಡಿನದು ಅಂತ ಈಗ ಅನ್ನಿಸುತ್ತದೆ.

ಇನ್ನೊಂದು ಸೌಕರ್ಯವನ್ನೂ ಕೊಟ್ಟರು. ‘ನಿಮ್ಮ ಝಕಾತನ್ನು ಲಾಭದಲ್ಲೇ ಹಿಡಿದುಕೊಂಡು ನಾವೇ ಬಡವರಿಗೆ ತಲುಪಿಸ್ತೀವಿ.’ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಏಳೂವರೆ ತೊಲ ಚಿನ್ನ ಅಥವಾ ಐವತ್ತೆರಡೂವರೆ ತೊಲ ಬೆಳ್ಳಿಯಷ್ಟು ಆಸ್ತಿ ಒಂದು ಚಾಂದ್ರ ವರ್ಷ ಕೈಯಲ್ಲಿದ್ದರೆ ಅದರ ಶೇ 2.5 ಬಡವರಿಗೆ ಸೇರಬೇಕು. ಅದು ಕೊಡುವವರ ದೊಡ್ಡತನ ಅಲ್ಲ, ಪಡೆಯುವವರ ಹಕ್ಕು. ಯಾರಿಗೆ ಕೊಡಬೇಕೆಂದು ಎಂಟು ಬಗೆಯ ಜನರನ್ನು ಕುರ್‌ಆನ್ ಹೆಸರಿಸುತ್ತದೆ. 5 ಲಕ್ಷಕ್ಕೆ 12,500 ಆಯಿತು. ಆ ತಿಂಗಳು ಅಮ್ಮಿಯ ಕೈಗೆ ಬಂದದ್ದು ಒಂದು ಸಾವಿರ. ‘ಝಕಾತ್ ಇಳಿಯಿತು, ತಲೆ ಹಗುರಾಯ್ತು’ ಅಂದರು. ರಸೀದಿ ಕೊಡಲಿಲ್ಲ, ನಾವೂ ಕೇಳಲಿಲ್ಲ. ದಾನಕ್ಕೆ ರಸೀದಿ ಕೇಳೋದು ಹೇಗೆ ಅನ್ನುವ ಸಂಕೋಚ.

2018ರ ಏಪ್ರಿಲ್‌ನಲ್ಲಿ ತಂಗಿಯ ಮದುವೆಗೆಂದು ಇಟ್ಟಿದ್ದ ಆರು ತೊಲ ಬಳೆ ಮಾರಿ ಇನ್ನೂ 2 ಲಕ್ಷ ಹಾಕಿದೆವು. ನಗದಾಗಿ. ಇದು ನನ್ನ ಸಲಹೆ. ಹೆಚ್ಚು ಬರೆಯಲಾರೆ.

ಆಗಸ್ಟ್‌ನಲ್ಲಿ ಲಾಭ ಬರಲಿಲ್ಲ. ಬಕ್ರೀದ್ ಆಗಲಿ ಅಂದರು. ಬಕ್ರೀದ್ ಆಯಿತು, ಸರ್ವರ್ ಸರಿಯಿಲ್ಲ ಅಂದರು. ಆಮೇಲೆ ಶಟರ್ ಇಳಿಯಿತು.

ಠಾಣೆಗೆ ಹೋದಾಗ ಇನ್ನೊಂದು ಏಟು. ಅಮ್ಮಿ ಸಹಿ ಹಾಕಿದ್ದು ಇಂಗ್ಲಿಷಿನ ಕಾಗದಕ್ಕೆ. ಅದರಲ್ಲಿ ‘ಠೇವಣಿ’ ಅನ್ನುವ ಮಾತೇ ಇರಲಿಲ್ಲ. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಅಂತ ಮಾಡಿ, ನಮ್ಮನ್ನೆಲ್ಲ ಅದರ ಪಾಲುದಾರರು ಅಂತ ಬರೆಸಿಕೊಂಡಿದ್ದರು. ‘ಪಾಲುದಾರರು ಅಂದ್ರೆ ನಷ್ಟದಲ್ಲೂ ಪಾಲು ಅಲ್ವೇನಮ್ಮ?’ ಅಂತ ಪೊಲೀಸರು ಕೇಳಿದರು. ದುಡ್ಡು ತರುವಾಗ ನಾವು ಗಿರಾಕಿಗಳು, ಅಂಗಡಿ ಮುಚ್ಚಿದಾಗ ಪಾಲುದಾರರು! ಕೊನೆಗೆ ಠೇವಣಿದಾರರ ಹಿತ ಕಾಯಲೆಂದು ರಾಜ್ಯ ಮಾಡಿದ 2004ರ ಕಾಯ್ದೆಯ ಕೆಳಗೆ ಕೇಸಾಯಿತು. ಆ ಕಾಯ್ದೆಯ ಪ್ರಕಾರ ಸರ್ಕಾರ ನೇಮಿಸಿದ ಸಕ್ಷಮ ಪ್ರಾಧಿಕಾರಕ್ಕೆ ದುಡ್ಡು ವಾಪಸ್ ಕೇಳಿ ಅರ್ಜಿ ಹಾಕಿದೆವು. ಬಂದ ‘ಲಾಭ’ವನ್ನೆಲ್ಲ ಅಸಲಿನಲ್ಲಿ ಕಳೆದು ಬರೆಯಿರಿ ಅಂದರು. ಬ್ಯಾಂಕಿನಿಂದ ಹೋದ 5 ಲಕ್ಷಕ್ಕೆ ದಾಖಲೆ ಇತ್ತು. ಬಳೆಯ 2 ಲಕ್ಷಕ್ಕೆ ಇದ್ದದ್ದು ಒಂದು ಚೀಟಿ, ಅದರ ಹಿಂದೆ ಬರ್ಕತ್ತಿನ ದುಆ (ಏಳಿಗೆಯ ಪ್ರಾರ್ಥನೆ).

ಕುರ್‌ಆನ್‌ನ ಎಲ್ಲಕ್ಕಿಂತ ಉದ್ದದ ಆಯತ್ (ವಚನ) ಯಾವುದು ಗೊತ್ತಾ? ಬಖರಾ ಅನ್ನುವ ಸೂರೆಯ (ಅಧ್ಯಾಯದ) 282ನೆಯದು. ಅದು ಸಾಲದ ವ್ಯವಹಾರದ ಬಗ್ಗೆ. ಬರೆದಿಡಿ, ಸಾಕ್ಷಿ ಇಟ್ಟುಕೊಳ್ಳಿ, ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬೇಡಿ ಅಂತ. ಅಮ್ಮಿ ಪ್ರತಿ ರಂಜಾನ್‌ನಲ್ಲೂ ಅದನ್ನು ಅರಬಿಯಲ್ಲಿ ಓದಿದ್ದಾರೆ. ರಸೀದಿ ಕೇಳಿದರೆ ನಂಬಿಕೆ ಇಲ್ಲ ಅಂದುಕೊಳ್ತಾರೇನೋ ಅಂತ ನಾವು ಹಿಂಜರಿದದ್ದು ಯಾವ ಧರ್ಮ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಈಗ ಆ ಹಸಿರು ಕರಪತ್ರ ಕೈಯಲ್ಲಿ ಹಿಡಿದವರಿಗೆ. ಹಲಾಲಾ ಹರಾಮಾ ಅಂತ ಆಮೇಲೆ ಕೇಳಿ. ಮೊದಲು, ಹೋದ ವರ್ಷ ಯಾವ ತಿಂಗಳು ನಷ್ಟ ಆಯಿತು ಅಂತ ಕೇಳಿ. ಆಗಿಲ್ಲ ಅಂದರೆ ಎದ್ದು ಬನ್ನಿ. ‘ಇಸ್ಲಾಮಿಕ್ ಬ್ಯಾಂಕ್’ ಅಂತ ಯಾರಾದರೂ ಅಂದರೆ, ನಮ್ಮ ದೇಶದಲ್ಲಿ ಅಂಥ ಬ್ಯಾಂಕಿನ ಪ್ರಸ್ತಾವವನ್ನು ರಿಸರ್ವ್ ಬ್ಯಾಂಕ್ 2017ರಲ್ಲೇ ಕೈಬಿಟ್ಟಿದೆ ಅನ್ನುವುದು ನೆನಪಿರಲಿ. ದುಡ್ಡು ಕೇಳುವವರಿಗೆ ಅನುಮತಿ ಇದೆಯೋ ಇಲ್ಲವೋ ಅಂತ ನೋಡಲು, ದೂರು ಕೊಡಲು, ರಿಸರ್ವ್ ಬ್ಯಾಂಕಿನದೇ ‘ಸಚೇತ್’ ಅನ್ನುವ ತಾಣವಿದೆ. ಬಡ್ಡಿಯ ಬ್ಯಾಂಕು, ಹೆಂಡದ ಕಂಪನಿಗಳ ಷೇರು ಬಿಟ್ಟು ನಡೆಯುವ ಟಾಟಾ ಎಥಿಕಲ್‌ನಂಥ ಫಂಡ್‌ಗಳು ಷೇರು ಪೇಟೆಯ ನಿಯಂತ್ರಕ ಸೆಬಿಯ ನಿಯಮದ ಕೆಳಗಿವೆ. ಅವುಗಳಲ್ಲಿ ದುಡ್ಡು ಕರಗಲೂಬಹುದು, ಆದರೆ ಅದನ್ನು ಮೊದಲೇ ಬರೆದು ಹೇಳಿರುತ್ತಾರೆ. ಝಕಾತನ್ನಂತೂ ನಿಮ್ಮ ಕೈಯಾರೆ ಕೊಡಿ. ಪಕ್ಕದ ಓಣಿಯಲ್ಲೇ ಹಕ್ಕುದಾರರು ಇರುತ್ತಾರೆ.

ಆ ಹಿರಿಯ ಮುಫ್ತಿಗಳ ಹತ್ತಿರ ಅಮ್ಮಿಯೂ ಒಂದು ದಿನ ಬಂದಿದ್ದರು. ಹೋದ ದುಡ್ಡಿಗೆ ಝಕಾತ್ ಕೊಡಬೇಕಾ ಅಂತ ಕೇಳಿದರು. ಬರುವ ಭರವಸೆ ಇಲ್ಲದ ದುಡ್ಡಿಗೆ ಬೇಡ, ಕೈಗೆ ಬಂದಾಗ ನೋಡೋಣ ಅಂದರು. ಕಂಪನಿ ಹಿಡಿದುಕೊಂಡ ಆ 12,500? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಡುವಿನವನು ಬಡವರಿಗೆ ಮುಟ್ಟಿಸದಿದ್ದರೆ ಝಕಾತ್ ಇಳಿದ ಹಾಗಲ್ಲ ಅಂದರು. ಆಮೇಲೆ ನನ್ನ ಕಡೆ ತಿರುಗಿ, ತಾಯಿಗೆ ನಿನ್ನ ಝಕಾತ್ ಕೊಡುವ ಹಾಗಿಲ್ಲ, ನಿನ್ನ ದುಡಿಮೆಯಲ್ಲೇ ಸಾಕಬೇಕು ಅಂದರು, ನಾನು ಕೇಳದೇ ಇದ್ದರೂ.

ಅವತ್ತಿನಿಂದ ಅಮ್ಮಿ ಹೊಲಿಗೆಯ ದುಡ್ಡಿನಲ್ಲಿ ತಿಂಗಳಿಗೆ 500 ತೆಗೆದು ಒಂದು ಹಾರ್ಲಿಕ್ಸ್ ಡಬ್ಬಿಗೆ ಹಾಕತೊಡಗಿದರು. ನಾನು ಕೊಡ್ತೀನಿ ಅಂದೆ. ‘ಬಾಕಿ ಇರೋದು ನನ್ನ ಮೇಲೆ ಬೇಟಾ’ ಅಂದರು. 25 ತಿಂಗಳಿಗೆ ಮುಗಿಯಬೇಕಿತ್ತು. ಲಾಕ್‌ಡೌನ್‌ನಲ್ಲಿ ಹೊಲಿಗೆ ನಿಂತು 31 ತಿಂಗಳು ಹಿಡಿಯಿತು. ತುಂಬಿದ ದಿನ ಭಟ್ಟಿಯ ಹತ್ತಿರದ ಒಬ್ಬ ವಿಧವೆಯ ಮನೆಗೆ ನಡೆದುಕೊಂಡೇ ಹೋಗಿ ಕೊಟ್ಟು ಬಂದರು.

ಆಕೆಯೂ ಅದೇ ಕಂಪನಿಗೆ 80 ಸಾವಿರ ಹಾಕಿದ್ದಳಂತೆ.