ಹಳೇ ಕನ್ನಡ ಸಿನಿಮಾ ನೋಡೋಕೆ ಯಾವುದು ವಾಸಿ: ಡಿಸ್ಕಾ, ಓಟಿಟಿನಾ, ಡೌನ್‌ಲೋಡಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡಿಸ್ಕಿಗೆ. ಅದೂ ದುಬಾರಿ ಬ್ಲೂ-ರೇಗಲ್ಲ. ಒಂದು ಕಾಲದಲ್ಲಿ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ರಾಶಿ ಹಾಕಿ ಮಾರುತ್ತಿದ್ದರಲ್ಲ, ಆ ಡಿವಿಡಿ, ವಿಸಿಡಿಗೆ. ಈ ಕಾಲದಲ್ಲಿ ಹೊಸದಾಗಿ ಡಿವಿಡಿ ಪ್ಲೇಯರ್ ಕೊಂಡೆ ಅಂದರೆ ಜನ ನಗುತ್ತಾರೆ. ನಗಲಿ ಬಿಡಿ. ಕೊಟ್ಟ ದುಡ್ಡಿಗೆ ಮೋಸ ಆಗಿಲ್ಲ.

ನಮ್ಮ ಮನೆಯ ಲೆಕ್ಕ ಹೀಗಿದೆ. ಊರು ತೀರ್ಥಹಳ್ಳಿ ಕಡೆ. ಟಿವಿ ಮುಂದೆ ಜಾಸ್ತಿ ಹೊತ್ತು ಕೂರುವವರು ಅಪ್ಪ, ಅಮ್ಮ. ಅವರಿಗೆ ಬೇಕಾದ್ದು 1960, 70ರ ದಶಕದ ಕನ್ನಡ ಸಿನಿಮಾ. ರಾಜ್‌ಕುಮಾರ್ ಇರಬೇಕು, ಜೊತೆಗೆ ನರಸಿಂಹರಾಜು ಇದ್ದರೆ ಇನ್ನೂ ಒಳ್ಳೆಯದು. ನೋಡಿದ್ದನ್ನೇ ಮತ್ತೆ ಮತ್ತೆ ನೋಡುತ್ತಾರೆ. ಹೊಸ ಸಿನಿಮಾ ಬೇಕಾಗಿರುವುದು ನನಗೆ, ನನ್ನ ಹೆಂಡತಿಗೆ. ಅದೂ ರಾತ್ರಿ ಎಚ್ಚರ ಇದ್ದರೆ. 43 ಇಂಚಿನ ಸ್ಮಾರ್ಟ್ ಟಿವಿ ತರುವಾಗ ಅಂಗಡಿಯವನು, ಇನ್ನು ಡಿಸ್ಕು ಗಿಸ್ಕು ಏನೂ ಬೇಡ ಸಾರ್ ಅಂದ. ನನಗೂ ಅದು ಸರಿ ಅನಿಸಿತು. ಒಪ್ಪದವರು ಅಪ್ಪ ಒಬ್ಬರೇ.

ಅವರು ಒಪ್ಪದಿದ್ದುದಕ್ಕೆ ಕಾರಣ ಕಿರೀಟ. ಪೌರಾಣಿಕ ಸಿನಿಮಾ ಒಂದನ್ನು ಯೂಟ್ಯೂಬಿನಲ್ಲಿ ಹಾಕಿ ಕೊಟ್ಟಿದ್ದೆ. ಮೇಲೆ ‘ಫುಲ್ ಎಚ್‌ಡಿ’ ಅಂತ ದೊಡ್ಡದಾಗಿ ಬರೆದಿತ್ತು. ಸ್ವಲ್ಪ ಹೊತ್ತಿಗೇ ಕೂಗು ಬಂತು. “ಎಂತದಾ ಇದು? ರಾಜನಿಗೆ ಕಿರೀಟವೇ ಇಲ್ಲ!” ಹೋಗಿ ನೋಡಿದರೆ ನಿಜ. ಸಿಂಹಾಸನದಲ್ಲಿ ಕೂತ ರಾಜನ ಹಣೆಯಿಂದ ಮೇಲಕ್ಕೆ ಚಿತ್ರವೇ ಇಲ್ಲ. ಕೆಳಗಡೆ ನೋಡಿದರೆ ನರ್ತಕಿಯರ ಪಾದವೂ ಇಲ್ಲ. ಗೆಜ್ಜೆ ಸದ್ದು ಕೇಳುತ್ತದೆ, ಗೆಜ್ಜೆ ಕಾಣುವುದಿಲ್ಲ.

ಇದಕ್ಕೆ ಕಾರಣ ಸರಳ. ಆ ಕಾಲದ ಸಿನಿಮಾದ ಚೌಕಟ್ಟು ಹೆಚ್ಚುಕಮ್ಮಿ 4:3. ಅಂದರೆ ಅಗಲ ನಾಲ್ಕು, ಎತ್ತರ ಮೂರು. ಹಳೇ ಡಬ್ಬಾ ಟಿವಿಯ ಆಕಾರವೂ ಅದೇ. ಈಗಿನ ಟಿವಿ 16:9, ತುಂಬಾ ಅಗಲ. ಹಳೇ ಚಿತ್ರವನ್ನು ಇದರಲ್ಲಿ ಸರಿಯಾಗಿ ತೋರಿಸಿದರೆ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಬರಲೇಬೇಕು. ಆದರೆ ಆ ಕಪ್ಪು ಪಟ್ಟಿ ಕಂಡರೆ ಜನಕ್ಕೆ ಆಗುವುದಿಲ್ಲ. ನಮ್ಮ ಪಕ್ಕದ ಮನೆಯವರೇ ಬಂದು, “ಟಿವಿ ಪೂರ್ತಿ ಬರ್ತಾ ಇಲ್ಲ ಅಲ್ವಾ?” ಅಂತ ಕೇಳಿದ್ದುಂಟು. ಹಾಗಾಗಿ ಅಪ್‌ಲೋಡ್ ಮಾಡುವವರು ಚಿತ್ರವನ್ನು ಹಿಗ್ಗಿಸಿ ಪರದೆ ತುಂಬಿಸುತ್ತಾರೆ, ಮೇಲೆ ಕೆಳಗೆ ಉಳಿದದ್ದನ್ನು ಕತ್ತರಿಸಿ ಎಸೆಯುತ್ತಾರೆ. ಫ್ರೇಮು ಸಣ್ಣದಾಯಿತು ಅಂತ ಫೋಟೋದಲ್ಲಿ ದೇವರ ತಲೆಯನ್ನೇ ಕತ್ತರಿಸಿದ ಹಾಗೆ.

ಎಷ್ಟು ಹೋಗುತ್ತದೆ ಗೊತ್ತಾ? ಲೆಕ್ಕ ಹಾಕಿ ನೋಡಿ. 4:3 ಚಿತ್ರವನ್ನು 16:9ಕ್ಕೆ ತುಂಬಿಸಿದರೆ ಎತ್ತರದಲ್ಲಿ ಸರಿಯಾಗಿ ಶೇ. 25 ಹೋಗುತ್ತದೆ. ನಾಲ್ಕರಲ್ಲಿ ಒಂದು ಪಾಲು! ಕ್ಯಾಮೆರಾಮನ್ ಲೆಕ್ಕ ಹಾಕಿ ಜೋಡಿಸಿದ ಚಿತ್ರದ ಕಾಲು ಭಾಗ ಕಸದ ಬುಟ್ಟಿಗೆ. ನರಸಿಂಹರಾಜು ಹಾಸ್ಯ ಬರೀ ಮಾತಿನದಲ್ಲ, ತಲೆಯಿಂದ ಕಾಲಿನವರೆಗೆ ಇಡೀ ಮೈಯದು. ಅದನ್ನು ಎದೆಯಿಂದ ಮೊಣಕಾಲಿನವರೆಗೆ ಮಾತ್ರ ತೋರಿಸಿದರೆ ನಗು ಎಲ್ಲಿಂದ ಬರಬೇಕು?

ಟೈಟಲ್ ಕಾರ್ಡ್ ಕಥೆ ಇನ್ನೂ ಬೇಸರ. ಹಿನ್ನೆಲೆ ಗಾಯನ ಅನ್ನುವ ಕಾರ್ಡಿನಲ್ಲಿ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಅಂತ ಒಂದರ ಕೆಳಗೆ ಒಂದು ಹೆಸರು ಇರುತ್ತದೆ. ಕತ್ತರಿಸಿದ ಪ್ರತಿಯಲ್ಲಿ ‘ಹಿನ್ನೆಲೆ ಗಾಯನ’ ಅನ್ನುವ ಸಾಲೇ ಮಾಯ, ಕೊನೆಯ ಹೆಸರಿನ ತಲೆಕಟ್ಟು ಮಾತ್ರ ಪರದೆಯ ಅಂಚಿನಲ್ಲಿ ಇಣುಕುತ್ತದೆ. ಅದು ಯಾರ ಹೆಸರು ಅಂತ ಅಪ್ಪ, ಅಮ್ಮ ವಾದಕ್ಕೆ ಕೂರುತ್ತಾರೆ. ನಿಮಗೂ ಅನುಮಾನ ಇದ್ದರೆ ಟೈಟಲ್ ಕಾರ್ಡಿನಲ್ಲೇ ವಿಡಿಯೊ ನಿಲ್ಲಿಸಿ ನೋಡಿ. ಮೇಲಿನ, ಕೆಳಗಿನ ಸಾಲು ಪೂರ್ತಿ ಇದ್ದರೆ ಆ ಪ್ರತಿ ನೋಡಬಹುದು.

ಇನ್ನು ಕೆಲವರು ಕತ್ತರಿಸುವುದಿಲ್ಲ, ಅಡ್ಡಡ್ಡ ಎಳೆಯುತ್ತಾರೆ. ಆಗ ಎಲ್ಲರೂ ಮೂರರಲ್ಲೊಂದು ಪಾಲು ದಪ್ಪ ಕಾಣುತ್ತಾರೆ. ಗಾಡಿಯ ಚಕ್ರ ಉರುಟಾಗಿರುವುದಿಲ್ಲ. ನಾಯಕಿಯ ಹಣೆಯ ಕುಂಕುಮ ಅಡ್ಡಕ್ಕೆ ಉದ್ದವಾಗಿರುತ್ತದೆ. ಇದು ಕತ್ತರಿಗಿಂತ ವಾಸಿ, ಯಾಕೆಂದರೆ ಚಿತ್ರ ಪೂರ್ತಿ ಇರುತ್ತದೆ. ಟಿವಿಯ ಸೆಟಿಂಗ್‌ನಲ್ಲಿ 4:3 ಮಾಡಿ ಸರಿಪಡಿಸಬಹುದು ಅಂದುಕೊಂಡರೆ, ನಮ್ಮ ಟಿವಿಯಲ್ಲಿ ಆ್ಯಪ್ ಓಡುವಾಗ ಆ ಆಯ್ಕೆಯೇ ಬರುವುದಿಲ್ಲ. ಹೊರಗಿನಿಂದ ಎಚ್‌ಡಿಎಂಐ ಕೇಬಲ್ ಮೂಲಕ ಚಿತ್ರ ಬಂದರೆ ಮಾತ್ರ ಆ ಆಯ್ಕೆ ಬರುತ್ತದೆ.

ಅದೇ ಸಿನಿಮಾದ ಹಳೇ ವಿಸಿಡಿ ನಮ್ಮ ಅತ್ತೆಯ ಮನೆಯ ಅಟ್ಟದಲ್ಲಿತ್ತು. ತಂದು ಹಾಕಿದೆ. ಚಿತ್ರ ಮಸುಕು, ಅದರಲ್ಲಿ ಎರಡು ಮಾತಿಲ್ಲ. ವಿಸಿಡಿಯಲ್ಲಿ ಇರುವುದೇ 352 ಅಡ್ಡ, 288 ಉದ್ದ ಚುಕ್ಕಿ. ಹತ್ತಿರ ಹೋಗಿ ನೋಡಿದರೆ ಮರದ ಎಲೆಗಳೆಲ್ಲ ಒಂದೇ ಮುದ್ದೆ. ಆದರೆ ಕಿರೀಟ ಇದೆ, ಕಿರೀಟದ ತುದಿಯ ಗರಿಯೂ ಇದೆ, ಪಾದವೂ ಇದೆ, ಗಾಯಕರ ಹೆಸರು ಪೂರ್ತಿ ಇದೆ. ಡಬ್ಬಾ ಟಿವಿಯ ಕಾಲದಲ್ಲಿ ತಯಾರಾದ ಡಿಸ್ಕು ತಾನೇ, ಕತ್ತರಿಸುವ ಅಗತ್ಯವೇ ಯಾರಿಗೂ ಬಿದ್ದಿರಲಿಲ್ಲ. ಅಪ್ಪ ಕೂರುವುದು ಟಿವಿಯಿಂದ ಎಂಟು-ಹತ್ತು ಅಡಿ ದೂರ. ಮಸುಕು ಅವರಿಗೆ ಗೊತ್ತೇ ಆಗಲಿಲ್ಲ. ಅದನ್ನು ಹಾಕಲು ತರಿಸಿದ ಹೊಸ ಪ್ಲೇಯರ್ ಎರಡೂವರೆ ಸಾವಿರದ ಒಳಗೆ ಬಂತು.

ಹಾಗಂತ ಡಿಸ್ಕೆಲ್ಲ ಚಿನ್ನ ಅಲ್ಲ. ‘ಒಂದೇ ಡಿವಿಡಿಯಲ್ಲಿ ಮೂರು ಸಿನಿಮಾ’ ಅಂತ ಬರುತ್ತಿದ್ದವಲ್ಲ, ಅವನ್ನು ಮುಟ್ಟಬೇಡಿ. ಸಾಮಾನ್ಯ ಡಿವಿಡಿಯಲ್ಲಿ ಹಿಡಿಸುವುದು 4.7 ಜಿಬಿ. ಮೂರು ಪಾಲು ಮಾಡಿದರೆ ಒಂದು ಸಿನಿಮಾಕ್ಕೆ ಒಂದೂವರೆ ಜಿಬಿ ಸಿಕ್ಕಿತು. ಎರಡೂವರೆ ಗಂಟೆಯ ಸಿನಿಮಾ ಎರಡು ವಿಸಿಡಿಯಲ್ಲಿ ತುಂಬಿಕೊಳ್ಳುವುದೂ ಸುಮಾರು ಅಷ್ಟೇ. ಹೆಸರಿಗೆ ಡಿವಿಡಿ, ಒಳಗೆ ವಿಸಿಡಿಯಷ್ಟೇ ಸರಕು. ಯಾರಾದರೂ ಓಡಿದರೆ ಸಾಕು, ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಒಂದು ಡಿಸ್ಕಿಗೆ ಒಂದೇ ಸಿನಿಮಾ ಇರುವ ಡಿವಿಡಿ ಸಿಕ್ಕರೆ ಅದಕ್ಕಿಂತ ಬೇರೆ ಬೇಡ. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿ ಮಾರುಕಟ್ಟೆಯನ್ನೇ ಅಲ್ಲಾಡಿಸಿತ್ತು, ನೆನಪಿದೆಯಾ? ಆ ಕಂಪನಿ ಈಗಿಲ್ಲ. ಆಗ ಮನೆ ಮನೆಗೆ ಹೋದ ಅಂಥ ಡಿಸ್ಕುಗಳೇ ಈಗ ಹಳೇ ಪುಸ್ತಕದ ಅಂಗಡಿಗಳಲ್ಲಿ, ಗುಜರಿಯಲ್ಲಿ ಸಿಗುತ್ತವೆ. ನಾನು ಐವತ್ತು ರೂಪಾಯಿಗಿಂತ ಜಾಸ್ತಿ ಕೊಟ್ಟಿದ್ದು ಕಮ್ಮಿ.

ಡಿಸ್ಕಿನ ಇನ್ನೊಂದು ಕಿರಿಕಿರಿ ಸಿನಿಮಾದ ನಡುವೆ ಎದ್ದು ಬದಲಾಯಿಸುವುದು. ವಿಸಿಡಿಯಲ್ಲಿ ಒಮ್ಮೊಮ್ಮೆ ಹಾಡಿನ ಮಧ್ಯವೇ ತುಂಡಾಗುತ್ತದೆ. ನಮ್ಮಲ್ಲಿ ಅದು ಕಾಫಿ ಹೊತ್ತು.

ಕಿವಿ ಸೂಕ್ಷ್ಮ ಇರುವವರಿಗೆ ಒಂದು ಮಾತು. ಸಿನಿಮಾ ಸೆಕೆಂಡಿಗೆ 24 ಚಿತ್ರ, ನಮ್ಮ ಪಾಲ್ ಪದ್ಧತಿಯ (ಭಾರತದ ಹಳೇ ಟಿವಿ ಪ್ರಸಾರದ ಪದ್ಧತಿ) ಡಿಸ್ಕು 25. ಹಾಗಾಗಿ ಎಷ್ಟೋ ಡಿಸ್ಕು ಶೇ. 4ರಷ್ಟು ಬೇಗ ಓಡುತ್ತವೆ, 150 ನಿಮಿಷದ ಸಿನಿಮಾ 144ಕ್ಕೇ ಮುಗಿಯುತ್ತದೆ, ಹಾಡಿನ ಶ್ರುತಿಯೂ ಒಂಚೂರು ಏರಿರುತ್ತದೆ. ಹಾರ್ಮೋನಿಯಂ ಹಿಡಿದು ಕೂತವರಿಗೆ ಗೊತ್ತಾದೀತು. ನಮಗೆ ಗೊತ್ತಾಗಿಲ್ಲ.

ಈಗ ಓಟಿಟಿಗೆ ಬರೋಣ. ಹೊಸ ಸಿನಿಮಾಕ್ಕೆ ಇದೇ ಸರಿ, ವಾದವೇ ಬೇಡ. ಚಿತ್ರ ಸ್ಪಷ್ಟ, ಧ್ವನಿ ಚೆನ್ನ, ಸಬ್‌ಟೈಟಲ್ ಇದೆ. ಕನ್ನಡದ ಹೊಸ ಸಿನಿಮಾ ಡಿಸ್ಕಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಅಮೆರಿಕದಲ್ಲಿರುವ ತಂಗಿಗೂ ಓಟಿಟಿಯೇ ಗತಿ. ಡಿವಿಡಿಗೆ ದೇಶಕ್ಕೆ ತಕ್ಕಂತೆ ರೀಜನ್, ಅಂದರೆ ವಲಯದ ಸಂಖ್ಯೆ ಇರುತ್ತದೆ. ಅಲ್ಲಿಯ ಡಿವಿಡಿ ಪ್ಲೇಯರ್ ರೀಜನ್ 1, ಇಲ್ಲಿಯದು ರೀಜನ್ 5. ಇಲ್ಲಿಂದ ರೀಜನ್ ಬೀಗ ಹಾಕಿದ ಡಿಸ್ಕು ಕಳಿಸಿದರೆ ಅಲ್ಲಿ ಓಡುವುದಿಲ್ಲ.

ನನ್ನ ತಕರಾರು ಎರಡು. ಒಂದು, ಇವತ್ತು ಇದ್ದದ್ದು ನಾಳೆ ಇರುವುದಿಲ್ಲ. ಅಮ್ಮನಿಗೆ ಇಷ್ಟದ ಸಿನಿಮಾ ಒಂದು ಸರ್ವಿಸ್‌ನಲ್ಲಿದೆ ಅಂತಲೇ ನಾವು ಚಂದಾ ಕಟ್ಟಿದ್ದು. ಗೌರಿ ಹಬ್ಬಕ್ಕೆ ಎಲ್ಲರೂ ಬಂದಾಗ ಹಾಕೋಣ ಅಂದರೆ ಅದು ಪಟ್ಟಿಯಲ್ಲೇ ಇಲ್ಲ. ಹಕ್ಕಿನ ಅವಧಿ ಮುಗಿದಿರಬೇಕು. ಯಾರೂ ಹೇಳುವುದಿಲ್ಲ, ಸುಮ್ನೆ ಮಾಯ. ಎರಡು, ದುಡ್ಡು ಕೊಟ್ಟರೂ ಜಾಹೀರಾತು. ಪ್ರೈಮ್ ವಿಡಿಯೊ 2025ರ ಜೂನ್‌ನಿಂದ ಭಾರತದಲ್ಲೂ ಜಾಹೀರಾತು ಶುರು ಮಾಡಿತು. ಬೇಡ ಅಂದರೆ ತಿಂಗಳಿಗೆ 129 ರೂಪಾಯಿ ಬೇರೆ ಕೊಡಬೇಕು ಅಂತ ನಿಗದಿ ಮಾಡಿತು. ಒಂದು ತಮಾಷೆ ನೋಡಿ, ನೆಟ್‌ಫ್ಲಿಕ್ಸ್ ಶುರುವಾಗಿದ್ದೇ 1998ರಲ್ಲಿ ಅಮೆರಿಕದಲ್ಲಿ ಅಂಚೆಯಲ್ಲಿ ಡಿವಿಡಿ ಬಾಡಿಗೆ ಕಳಿಸುತ್ತ. ಆ ಕೆಲಸ ಅವರು ಪೂರ್ತಿ ಬಿಟ್ಟಿದ್ದು 2023ರ ಸೆಪ್ಟೆಂಬರ್‌ನಲ್ಲಿ.

ಜೊತೆಗೆ ನಮ್ಮ ಕಡೆಯ ಮಳೆ. ಜೂನ್ ಬಂತು ಅಂದರೆ ಯಾವುದೋ ಮರದ ಕೊಂಬೆ ಫೈಬರ್ ತಂತಿ ಮೇಲೆ ಬೀಳುತ್ತದೆ. ಕರೆಂಟು ಹೋದರೆ ಇನ್ವರ್ಟರ್ ಇದೆ, ಟಿವಿ ಮತ್ತು ಪ್ಲೇಯರ್ ಆರಾಮಾಗಿ ಓಡುತ್ತವೆ. ನೆಟ್‌ಗೆ ಇನ್ವರ್ಟರ್ ಎಲ್ಲಿಂದ ತರೋದು? ಹೊರಗೆ ಕಾಲಿಡಲಾಗದ ಅಂಥ ದಿನಗಳಲ್ಲೇ ಸಿನಿಮಾ ಬೇಕಾಗುವುದು.

ಹಾಗಾದರೆ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ ಅನ್ನುತ್ತೀರಿ. ಮಾಡಿ ನೋಡಿದ್ದೇನೆ. ಆ್ಯಪಿನೊಳಗೆ ಮಾಡಿದ ಡೌನ್‌ಲೋಡ್ ಆ ಫೋನಿನಲ್ಲೇ, ಆ ಆ್ಯಪಿನಲ್ಲೇ ಉಳಿಯುತ್ತದೆ. ಪೆನ್ ಡ್ರೈವಿಗೆ ಹಾಕಿ ಟಿವಿಗೆ ಚುಚ್ಚಲು ಬರುವುದಿಲ್ಲ. ಅದಕ್ಕೂ ಅವಧಿ ಇದೆ. ಬಾಡಿಗೆಗೆ ತಗೊಂಡ ಸಿನಿಮಾ ಸಾಮಾನ್ಯವಾಗಿ 30 ದಿನದೊಳಗೆ ಶುರು ಮಾಡಬೇಕು, ಶುರು ಮಾಡಿದ ಮೇಲೆ 48 ಗಂಟೆಯೊಳಗೆ ಮುಗಿಸಬೇಕು. ಅಪ್ಪ ಒಂದು ಸಿನಿಮಾವನ್ನು ನಾಲ್ಕು ಸಂಜೆ ನೋಡುವ ಮನುಷ್ಯ. ‘ಕೊಂಡುಕೊಳ್ಳಿ’ ಅನ್ನುವ ಬಟನ್ ಒತ್ತಿದರೂ ಸಿಗುವುದು ನೋಡುವ ಅನುಮತಿ ಅಷ್ಟೇ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಅದು ಬರೀ ಲೈಸೆನ್ಸ್ ಅಂತ ಗಿರಾಕಿಗೆ ಮೊದಲೇ ಸ್ಪಷ್ಟವಾಗಿ ಹೇಳಬೇಕು ಅಂತ ಕಾನೂನೇ ಬಂದಿದೆ. ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವಾಗ ಫೋನಿನಲ್ಲಿ ನೋಡಲು ಡೌನ್‌ಲೋಡ್ ಒಳ್ಳೆಯದು. ನನಗೆ ಅದರ ಉಪಯೋಗ ಅಷ್ಟಕ್ಕೇ.

ನಮ್ಮದೇ ಫೈಲುಗಳಾದರೆ ಬೇರೆ ಮಾತು. ತಂಗಿಯ ಮದುವೆ ವಿಡಿಯೊ ಪೆನ್ ಡ್ರೈವಿನಲ್ಲಿದೆ. ಫೈಲ್ 4 ಜಿಬಿ ದಾಟಿದರೆ ಫ್ಯಾಟ್32 ಫಾರ್ಮ್ಯಾಟಿನ ಪೆನ್ ಡ್ರೈವ್ ತಗೊಳ್ಳುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಎಕ್ಸ್‌ಫ್ಯಾಟ್ ಓದದ ಟಿವಿಗಳೂ ಇವೆ, ಮೊದಲು ಸಣ್ಣ ಫೈಲ್ ಹಾಕಿ ನೋಡಿ.

ಸದ್ಯ ನಮ್ಮ ಮನೆಯ ಏರ್ಪಾಡು ಇದು: ಹಳೆಯದಕ್ಕೆಲ್ಲ ಡಿಸ್ಕು, ಹೊಸದಕ್ಕೆ ಒಂದು ಸಲಕ್ಕೆ ಒಂದೇ ಓಟಿಟಿ. ಬೇಕಾದ್ದು ನೋಡಿ ಮುಗಿದ ತಿಂಗಳು ಚಂದಾ ನಿಲ್ಲಿಸಿ ಇನ್ನೊಂದಕ್ಕೆ ಹೋಗುತ್ತೇವೆ. ವರ್ಷದ ಚಂದಾ ಕಟ್ಟುವುದು ಬಿಟ್ಟಿದ್ದೇವೆ. ನೀವು ಹೊಸ ಸಿನಿಮಾ ಮಾತ್ರ ನೋಡುವವರು, ನೋಡಿದ್ದನ್ನು ಇನ್ನೊಮ್ಮೆ ನೋಡದವರು ಅಂದರೆ ಪ್ಲೇಯರ್ ನಿಮಗೆ ದಂಡ.

ಕೊಳ್ಳುವವರಿಗೆ ಎರಡು ಮಾತು. ಪ್ಲೇಯರ್ ಹಿಂದೆ ಎಚ್‌ಡಿಎಂಐ ಇರಲಿ. ಹಳದಿ, ಬಿಳಿ, ಕೆಂಪು ಪಿನ್ ಮಾತ್ರ ಇದ್ದರೆ ಕೆಲವು ಹೊಸ ಟಿವಿಗಳಲ್ಲಿ ಚುಚ್ಚಲು ಜಾಗವೇ ಇರುವುದಿಲ್ಲ. ವಿಸಿಡಿ ಓಡುತ್ತದಾ ಅಂತಲೂ ಕೇಳಿ. ತಂದ ಮೇಲೆ ಸೆಟಪ್ ಮೆನುವಿನಲ್ಲಿ ಟಿವಿಯ ಆಕಾರ ಸರಿಮಾಡಿ, ಇಲ್ಲದಿದ್ದರೆ ಇದರಲ್ಲೂ ಎಲ್ಲರೂ ದಪ್ಪಗಾಗುತ್ತಾರೆ.

ಹಳೇ ಡಿಸ್ಕು ಕೊಳ್ಳುವಾಗ ತಿರುಗಿಸಿ ಹೊಳೆಯುವ ಬದಿ ನೋಡಿ. ಬೆಳ್ಳಿ ಬಣ್ಣ ಇದ್ದರೆ ಕಾರ್ಖಾನೆಯಲ್ಲಿ ಒತ್ತಿದ್ದು, ಬಾಳಿಕೆ ಬರುತ್ತದೆ. ನೇರಳೆ ಅಥವಾ ನೀಲಿ ಛಾಯೆ ಇದ್ದರೆ ಕಂಪ್ಯೂಟರಿನಲ್ಲಿ ಬರೆದ ನಕಲು, ಅದರ ಬಣ್ಣದ ಪದರ ವರ್ಷ ಕಳೆದಂತೆ ಕೆಡುತ್ತದೆ. ಬೂಷ್ಟು ಹಿಡಿದಿದ್ದರೆ ಸೋಪು ನೀರಿನಲ್ಲಿ ಮೆತ್ತನೆ ಬಟ್ಟೆ ಅದ್ದಿ, ನಡುವಿನಿಂದ ಅಂಚಿನ ಕಡೆಗೆ ನೇರ ಒರೆಸಿ, ಸುತ್ತ ತಿರುಗಿಸಿ ಉಜ್ಜಬೇಡಿ. ವಿಸಿಡಿಯಾದರೆ ಹೆಸರು ಅಚ್ಚಾದ ಬದಿಯನ್ನೂ ನೋಡಿ, ಮಾಹಿತಿ ಇರುವುದು ಆ ಬದಿಗೇ ಹತ್ತಿರ. ಅಲ್ಲಿ ಆಳವಾಗಿ ಗೀರಿದ್ದರೆ ಐದು ರೂಪಾಯಿಗೆ ಕೊಟ್ಟರೂ ಬೇಡ.