ಸ್ಲೈಡ್ ನೋಡಿ ಹೇಳುವ ಲ್ಯಾಬ್, ಪಿ.ಜೆ. ಬಡಾವಣೆ

ದಾವಣಗೆರೆಯಲ್ಲಿ ರಕ್ತ ಪರೀಕ್ಷೆಗೆ ಎಲ್ಲಿ ಹೋಗೋದು ಅಂತ ಕೇಳಿದವರಿಗೆಲ್ಲ ನಾನು ಈ ಲ್ಯಾಬನ್ನೇ ಹೇಳುತ್ತೇನೆ. ಮಷೀನ್ ಕೊಟ್ಟ ನಂಬರನ್ನು ಸುಮ್ನೆ ಪ್ರಿಂಟ್ ಹೊಡೆದು ಇವರು ಕೈಗಿಡುವುದಿಲ್ಲ.

ನಮ್ಮ ಅವ್ವನಿಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ಕೀವಾಗಿ ಜ್ವರ ಬಂದಿತ್ತು. ಬೇರೆ ಕಡೆ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿದಾಗ ಬಿಳಿ ರಕ್ತಕಣ 38,000. ದೊಡ್ಡವರಿಗೆ 4,000ದಿಂದ 11,000 ಇದ್ದರೆ ಸರಿ. ಅಲ್ಲಿ ಕೌಂಟರಿನಲ್ಲಿದ್ದವನು ಅವ್ವನ ಎದುರಿಗೇ 'ಬ್ಲಡ್ ಕ್ಯಾನ್ಸರ್ ಇರಬಹುದು' ಅಂದುಬಿಟ್ಟ. ಹಾಗೆ ಹೇಳೋದಾ? ಅವ್ವ ಆ ರಾತ್ರಿ ರೊಟ್ಟಿ ಮುಟ್ಟಲಿಲ್ಲ.

ಇಲ್ಲಿನ ಪೆಥಾಲಜಿಸ್ಟ್ ಮೇಡಂ, ಅಂದರೆ ರಕ್ತ ಪರೀಕ್ಷಿಸಿ ಹೇಳುವ ಡಾಕ್ಟರ್, ಮೊದಲು ಮಾತಾಡಿಸಿದರು. 'ಅಮ್ಮಾ, ಜ್ವರ ಯಾವಾಗಿಂದ? ದಮ್ಮಿಗೆ ಸ್ಟೀರಾಯ್ಡ್ ಮಾತ್ರೆ ತಗೊಳ್ತೀರಾ?' ಸ್ಟೀರಾಯ್ಡಿನಿಂದಲೂ ಕೌಂಟ್ ಏರುತ್ತದಂತೆ. ಆಮೇಲೆ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ, ಲೀಶ್ಮನ್ ಬಣ್ಣ ಹಾಕಿ, ಒಣಗಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. ನನಗೂ ತೋರಿಸಿದರು. ನೇರಳೆ ಬಣ್ಣದ ಕಣಗಳು, ಒಳಗೆ ದಪ್ಪ ದಪ್ಪ ಕಪ್ಪು ಚುಕ್ಕಿ. ಸೋಂಕಿನ ಜೊತೆ ಹೋರಾಡುವ ನ್ಯೂಟ್ರೋಫಿಲ್‌ಗಳು ಹೀಗೆ ಕಾಣುತ್ತವಂತೆ. ಹೆಚ್ಚಿನವು ಬಲಿತ ಕಣಗಳೇ, ಎಳೆಯವು ಅಲ್ಲೊಂದು ಇಲ್ಲೊಂದು. ಬ್ಲಡ್ ಕ್ಯಾನ್ಸರಿನಲ್ಲಿ ಕಾಣಬಹುದಾದ ತೀರಾ ಎಳೆಯ ಬ್ಲಾಸ್ಟ್ ಕಣ ಒಂದೂ ಇರಲಿಲ್ಲ. ಅಂಥ ಕ್ಯಾನ್ಸರಿನಲ್ಲಿ ಏರಬಹುದಾದ ಬೇಸೋಫಿಲ್ ಅನ್ನೋ ಬಿಳಿ ಕಣವೂ ಜಾಸ್ತಿ ಇರಲಿಲ್ಲ. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎರಡೂ ಸರಿ ಇದ್ದವು.

ಅಷ್ಟಕ್ಕೇ 'ಏನೂ ಇಲ್ಲ, ಹೋಗಿ' ಅನ್ನಲಿಲ್ಲ, ನೋಡಿ, ನನಗೆ ಅದೇ ಹಿಡಿಸಿದ್ದು. 'ಇದು ಸೋಂಕಿನದ್ದೇ ಥರ ಕಾಣುತ್ತೆ. ಆದ್ರೆ ಗಾಯ ವಾಸಿಯಾದ ಮೇಲೆ ಕೌಂಟ್ ಇಳಿದಿದೆಯಾ ಅಂತ ಮತ್ತೆ ನೋಡಲೇಬೇಕು' ಅಂದರು. ಇಳಿಯದೇ ಹೋದರೆ, ಇಲ್ಲಾ ಡಾಕ್ಟರ್ ಹೊಟ್ಟೆ ಒತ್ತಿ ನೋಡಿದಾಗ ಗುಲ್ಮ (ಸ್ಪ್ಲೀನ್) ದೊಡ್ಡದಾಗಿದ್ದರೆ, ಬಿಸಿಆರ್-ಎಬಿಎಲ್ ಅನ್ನೋ ಪರೀಕ್ಷೆ ಮಾಡಿಸಬೇಕಂತೆ. ಸಿಎಂಎಲ್ ಅನ್ನೋ ಬ್ಲಡ್ ಕ್ಯಾನ್ಸರ್ ಪತ್ತೆಯಾಗೋದು ಅದರಲ್ಲಿ. ಸ್ಲೈಡಿನಲ್ಲಿ ಕಂಡದ್ದನ್ನೆಲ್ಲ ರಿಪೋರ್ಟಿನಲ್ಲೂ ಬರೆದುಕೊಟ್ಟರು. ನಮ್ಮ ಡಾಕ್ಟರ್ ಅದನ್ನು ಓದಿ ಆಂಟಿಬಯಾಟಿಕ್ ಮುಂದುವರಿಸಿದರು. ಗಾಯ ಮಾಗಿದ ಮೇಲೆ ಕೌಂಟ್ 9,600ಕ್ಕೆ ಬಂತು.

ಕೊರತೆಯೂ ಇದೆ. ಲ್ಯಾಬ್ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಕಾಲು ನೋವಿನವರಿಗೆ ಕಷ್ಟವೇ. ರಿಪೋರ್ಟ್ ಬರೀ ಇಂಗ್ಲಿಷಿನಲ್ಲಿ. ಮೇಡಂ ಸಿಗೋದು ಬೆಳಿಗ್ಗೆ ಮಾತ್ರ. ಹಳೇ ರಿಪೋರ್ಟ್ ಇದ್ದರೆ ಮರೆಯದೆ ಒಯ್ಯಿರಿ, ಹೋಲಿಸಿ ನೋಡುತ್ತಾರೆ.